ಸೀಟಿನ ಜೊತೆಗೆ ಸಂಬಳ, ಸಾಲದ ಲೆಕ್ಕವನ್ನೂ ಕೊಡಿ: ಭೂವಿಜ್ಞಾನ ಪದವಿಯ ಬಗ್ಗೆ ಉನ್ನತ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಉನ್ನತ ಶಿಕ್ಷಣ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ಮಾನ್ಯರೇ,

ರಾಜ್ಯದ ಯಾವುದೇ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನದ ಎಂ.ಎಸ್ಸಿ.ಗೆ ಅರ್ಜಿ ಹಾಕಲು ಹೊರಟ ವಿದ್ಯಾರ್ಥಿಗೆ ಶುಲ್ಕ ಎಷ್ಟು, ಸೀಟು ಎಷ್ಟು, ಮೀಸಲಾತಿಯ ಹಂಚಿಕೆ ಹೇಗೆ, ಹಾಸ್ಟೆಲ್ ಸಿಗುತ್ತದೆಯೇ ಇಲ್ಲವೇ ಎಂಬುದೆಲ್ಲ ಪ್ರವೇಶ ಪ್ರಕಟಣೆಯಿಂದಲೇ ತಿಳಿಯುತ್ತದೆ. ಅದೇ ವಿಭಾಗದಲ್ಲಿ ಓದಿ ಹೊರಬಂದವರು ಈಗ ಎಷ್ಟು ಸಂಪಾದಿಸುತ್ತಿದ್ದಾರೆ, ಓದಿಗಾಗಿ ಮಾಡಿದ ಸಾಲದಲ್ಲಿ ಎಷ್ಟು ಬಾಕಿ ಉಳಿಸಿಕೊಂಡಿದ್ದಾರೆ ಎಂಬ ಎರಡು ಸಂಗತಿಗಳು ಮಾತ್ರ ಅಲ್ಲಿ ಇರುವುದಿಲ್ಲ. ಈ ಎರಡು ಲೆಕ್ಕಗಳನ್ನು ವಿಷಯವಾರು ವಿಂಗಡಿಸಿ ಪ್ರವೇಶದ ಅರ್ಜಿಯ ಪಕ್ಕದಲ್ಲಿಯೇ ಪ್ರಕಟಿಸಬೇಕು, ಮತ್ತು ಈ ಕೆಲಸವನ್ನು ಭೂವಿಜ್ಞಾನದಿಂದ ಆರಂಭಿಸಬೇಕು ಎಂದು ಕೋರುವುದಕ್ಕಾಗಿ ಈ ಪತ್ರವನ್ನು ಬರೆಯುತ್ತಿದ್ದೇನೆ.

ಭೂವಿಜ್ಞಾನವೇ ಏಕೆ ಎಂದು ತಾವು ಕೇಳಬಹುದು. ನಾನು ಆ ವಿಷಯದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಬ್ಯಾಂಕಿನ ಪರೀಕ್ಷೆ ಬರೆದು, ಕಲ್ಲು ಬಿಟ್ಟು ಲೆಡ್ಜರ್ ಹಿಡಿದವನು. ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಶಾಖೆಗಳಲ್ಲಿ ಬಹುಕಾಲ ಶೈಕ್ಷಣಿಕ ಸಾಲದ ಕಡತಗಳನ್ನು ನೋಡಿ ನಿವೃತ್ತನಾದವನು. ನನ್ನ ಹಾಗೆ ಓದಿದ ವಿಷಯವನ್ನು ಬಿಟ್ಟು ಬ್ಯಾಂಕು, ಶಾಲೆ, ಪೊಲೀಸು, ಕಂದಾಯ ಇಲಾಖೆ ಸೇರಿದವರು ಈ ವಿಷಯದಲ್ಲಿ ಎಷ್ಟು ಮಂದಿ ಎಂಬುದನ್ನು ಯಾರೂ ಎಣಿಸಿಲ್ಲ. ಎಣಿಸಿದ್ದರೆ ಅದೂ ವಿದ್ಯಾರ್ಥಿಗೆ ತಿಳಿಯಬೇಕಾದ ಒಂದು ಅಂಕಿಯೇ ಆಗುತ್ತಿತ್ತು. ಎರಡನೆಯ ಕಾರಣ ಊರಿಗೆ ಸಂಬಂಧಿಸಿದ್ದು. ಮಲೆನಾಡಿನ ನೆಲ ಭೂವಿಜ್ಞಾನದ ವಿದ್ಯಾರ್ಥಿಗೆ ದೊಡ್ಡ ಪಾಠಶಾಲೆ. ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೆಯ ಶತಮಾನದಲ್ಲಿ ಗುರುತಿಸಿದ ಧಾರವಾಡ ಶಿಲಾಸಮೂಹದ ಒಂದು ಮುಖ್ಯ ಶಿಲಾಪಟ್ಟೆ ಶಿವಮೊಗ್ಗದ ಹೆಸರಿನಲ್ಲಿಯೇ ಇದೆ. ಆ ಶಿಲಾಸಮೂಹದ ಒಂದು ವಿಭಾಗಕ್ಕೆ ಬಾಬಾಬುಡನ್ ಗಿರಿಯ ಹೆಸರಿದೆ. ಕುಂಸಿಯಲ್ಲಿ ಮ್ಯಾಂಗನೀಸ್ ತೆಗೆದದ್ದು, ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿಯ ಕಾರ್ಖಾನೆಗೆ ಬಂದದ್ದು ಇಲ್ಲಿನ ಹಿರಿಯರಿಗೆಲ್ಲ ನೆನಪಿದೆ. ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯದಲ್ಲಿ ಅನ್ವಯಿಕ ಭೂವಿಜ್ಞಾನದ ವಿಭಾಗವಿದೆ. ಹೊಸನಗರ, ತೀರ್ಥಹಳ್ಳಿ, ಸಾಗರ, ಕೊಪ್ಪದ ಮಕ್ಕಳಿಗೆ ಮನೆಯಿಂದ ಬಹಳ ದೂರ ಹೋಗದೆ ಕಲಿಯಬಹುದಾದ ವಿಜ್ಞಾನ ಇದು.

ಮೊದಲು ಸಾಲದ ಮಾತು, ಏಕೆಂದರೆ ಅದು ನನಗೆ ಹೆಚ್ಚು ಪರಿಚಿತ. ಬ್ಯಾಂಕುಗಳ ಸಂಘದ ಮಾದರಿ ಶೈಕ್ಷಣಿಕ ಸಾಲ ಯೋಜನೆಯ ಪ್ರಕಾರ 4 ಲಕ್ಷ ರೂಪಾಯಿಯವರೆಗೆ ವಿದ್ಯಾರ್ಥಿ ತನ್ನ ಪಾಲಿನ ಹಣ ತರಬೇಕಾಗಿಲ್ಲ, 7.5 ಲಕ್ಷದವರೆಗೆ ಆಸ್ತಿಯ ಆಧಾರ ಕೊಡಬೇಕಾಗಿಲ್ಲ; ಆದರೆ ತಂದೆಯೋ ತಾಯಿಯೋ ಸಹ-ಸಾಲಗಾರರಾಗಿ ಸಹಿ ಹಾಕಲೇಬೇಕು. ಓದು ಮುಗಿದು ಒಂದು ವರ್ಷದವರೆಗೆ ಕಂತು ಇಲ್ಲ, ಬಡ್ಡಿ ಮಾತ್ರ ಸರಳ ಬಡ್ಡಿಯಾಗಿ ಸೇರುತ್ತಾ ಹೋಗುತ್ತದೆ. ಖಾಸಗಿ ಅಥವಾ ಹೊರರಾಜ್ಯದ ಸಂಸ್ಥೆಯೊಂದರಲ್ಲಿ ಎರಡು ವರ್ಷದ ಎಂ.ಎಸ್ಸಿ.ಗೆ ವರ್ಷಕ್ಕೆ 2 ಲಕ್ಷದಂತೆ 4 ಲಕ್ಷ ಸಾಲ ಪಡೆದ ವಿದ್ಯಾರ್ಥಿಯನ್ನು, ಶೇ 10.5ರ ಬಡ್ಡಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮೊದಲ ಕಂತು ಕಟ್ಟುವ ದಿನ ಬರುವ ಹೊತ್ತಿಗೆ ಬಡ್ಡಿಯೇ 1,05,000 ರೂಪಾಯಿ ಸೇರಿ ಸಾಲ 5,05,000 ಆಗಿರುತ್ತದೆ. ಅದನ್ನು ಏಳು ವರ್ಷಗಳಲ್ಲಿ ತೀರಿಸಬೇಕೆಂದರೆ ತಿಂಗಳಿಗೆ ಸುಮಾರು 8,500 ರೂಪಾಯಿ ಕಟ್ಟಬೇಕು; ಒಟ್ಟು ಕಟ್ಟಿದ್ದು 7.15 ಲಕ್ಷ ದಾಟುತ್ತದೆ. ಕಷ್ಟವಾಯಿತೆಂದು ಹದಿನೈದು ವರ್ಷಕ್ಕೆ ಎಳೆದರೆ ಕಂತು ಸುಮಾರು 5,600ಕ್ಕೆ ಇಳಿಯುತ್ತದೆ, ಆದರೆ ಒಟ್ಟು ಹತ್ತು ಲಕ್ಷದಷ್ಟಾಗುತ್ತದೆ. ಇದು ನನ್ನ ಅಭಿಪ್ರಾಯವಲ್ಲ, ಯಾವುದೇ ಶಾಖೆಯ ಗುಮಾಸ್ತರು ಐದು ನಿಮಿಷದಲ್ಲಿ ಮಾಡಿ ತೋರಿಸಬಹುದಾದ ಲೆಕ್ಕ. ಪ್ರಶ್ನೆ ಇರುವುದು, ಆ 8,500 ರೂಪಾಯಿ ಯಾವ ಸಂಬಳದಿಂದ ಬರಬೇಕು ಎಂಬುದರಲ್ಲಿ.

ಸರ್ಕಾರಿ ವಿಶ್ವವಿದ್ಯಾಲಯದ ಶುಲ್ಕ ಇಷ್ಟು ದೊಡ್ಡದಲ್ಲ ಎಂದು ತಮ್ಮ ಇಲಾಖೆ ಹೇಳಬಹುದು, ಅದು ನಿಜವೂ ಹೌದು. ಆದರೆ ಅಲ್ಲಿ ಸಾಲ ಬೆಳೆಯುವುದು ಶುಲ್ಕದಿಂದಲ್ಲ. ಹಾಸ್ಟೆಲ್ ಮತ್ತು ಮೆಸ್ಸಿನ ಖರ್ಚು, ಹಟ್ಟಿಯ ಚಿನ್ನದ ಗಣಿಗೋ ಸಂಡೂರಿಗೋ ಹೋಗುವ ಕ್ಷೇತ್ರ ತರಬೇತಿಯ ಖರ್ಚು, ಸುತ್ತಿಗೆ, ದಿಕ್ಸೂಚಿ, ಭೂತಗನ್ನಡಿಯಿಂದ ಹಿಡಿದು ನಕಾಶೆ ತಯಾರಿಸಲು ಬೇಕಾದ ಕಂಪ್ಯೂಟರಿನವರೆಗಿನ ಸಲಕರಣೆ, ಇವೆಲ್ಲ ಸೇರಿ ಅದನ್ನು ಬೆಳೆಸುತ್ತವೆ; ಇವುಗಳಲ್ಲಿ ತರಬೇತಿ ಮತ್ತು ಸಲಕರಣೆಯ ಖರ್ಚು ಕನ್ನಡ ಎಂ.ಎ. ಅಥವಾ ಎಂ.ಕಾಂ. ಓದುವವರಿಗೆ ಇಲ್ಲದ ಹೊರೆ. ಪದವಿ ಮುಗಿದ ಮೇಲೆ ಇನ್ನೊಂದು ಸುತ್ತಿನ ಖರ್ಚು ಶುರುವಾಗುತ್ತದೆ: ಕೇಂದ್ರ ಲೋಕಸೇವಾ ಆಯೋಗದ ಸಂಯುಕ್ತ ಭೂವಿಜ್ಞಾನಿ ಪರೀಕ್ಷೆ, ಸಿಎಸ್‌ಐಆರ್-ಯುಜಿಸಿ ನೆಟ್, ಗೇಟ್ ಪರೀಕ್ಷೆಗಳಿಗೆ ಊರು ಬಿಟ್ಟು ಹೋಗಿ ತಯಾರಿ ನಡೆಸುವ ವರ್ಷ ಅಥವಾ ವರ್ಷಗಳು. ಈ ಅವಧಿಗೆ ಶೈಕ್ಷಣಿಕ ಸಾಲ ಸಿಗುವುದಿಲ್ಲ, ಏಕೆಂದರೆ ಅದು ಕೋರ್ಸ್ ಅಲ್ಲ. ಹಿಂದಿನ ಸಾಲದ ಕಂತು ಶುರುವಾಗುವುದೂ ಆಗಲೇ.

ಆಗ ಮಲೆನಾಡಿನ ಮನೆ ಏನು ಮಾಡುತ್ತದೆ ಎಂಬುದು ಯಾವ ಅಂಕಿಅಂಶದಲ್ಲಿಯೂ ಬರುವುದಿಲ್ಲ. ವಿಶ್ವವಿದ್ಯಾಲಯಗಳ ಪ್ರವೇಶ ಸಾಮಾನ್ಯವಾಗಿ ನಡೆಯುವುದು ಮಳೆಗಾಲದಲ್ಲಿ. ಅಡಿಕೆಯ ಹಣ ಕೈಗೆ ಬರುವುದು ಕೊಯ್ಲು, ಬೇಯಿಸುವಿಕೆ, ಒಣಗಿಸುವಿಕೆ ಎಲ್ಲ ಮುಗಿದ ಮೇಲೆ. ಮಧ್ಯದ ಈ ತಿಂಗಳುಗಳಲ್ಲಿ ಮಂಡಿಯಿಂದ ಮುಂಗಡ ತರುತ್ತಾರೆ, ಬರುವ ಫಸಲನ್ನು ಅದೇ ಮಂಡಿಗೆ ಹಾಕಬೇಕೆಂಬ ಕಟ್ಟಿಗೆ ಒಳಪಟ್ಟು. ಇಲ್ಲವೇ ಮನೆಯ ಚಿನ್ನ ಅಡವಿಗೆ ಹೋಗುತ್ತದೆ. ತೋಟವಿಲ್ಲದ ಮನೆಗಳಲ್ಲಿ ತಾಯಿ ಸ್ವಸಹಾಯ ಸಂಘದಲ್ಲಿ ಸಾಲ ತೆಗೆದು ವಾರದ ಕಂತು ಕಟ್ಟುತ್ತಾಳೆ. ಸಹಕಾರ ಸಂಘಗಳಲ್ಲಿ ರೈತರಿಗೆ ಬಡ್ಡಿಯಿಲ್ಲದೆ ಸಿಗುವ ಅಲ್ಪಾವಧಿ ಬೆಳೆ ಸಾಲದ ಮಿತಿಯನ್ನು ರಾಜ್ಯ ಸರ್ಕಾರ 2023–24ರ ಆಯವ್ಯಯದಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಆ ಹಣದಲ್ಲಿ ಸ್ವಲ್ಪ ಭಾಗ ತೋಟದ ಗೊಬ್ಬರಕ್ಕೆ ಹೋಗದೆ ಮಗಳ ಹಾಸ್ಟೆಲ್ಲಿಗೆ ಹೋಗುತ್ತದೆ ಎಂಬುದು ಸೊಸೈಟಿಯ ಕಾರ್ಯದರ್ಶಿಗೂ ಗೊತ್ತು, ಬ್ಯಾಂಕಿನವರಿಗೂ ಗೊತ್ತು. ಬೆಳೆಗೆ ಶೂನ್ಯ ಬಡ್ಡಿ, ಓದಿಗೆ ಎರಡಂಕಿಯ ಬಡ್ಡಿ ಎಂದಾದಾಗ ಮನುಷ್ಯರು ಬೇರೆ ಏನನ್ನು ತಾನೇ ಮಾಡುತ್ತಾರೆ? ಆ ವರ್ಷ ಕೊಳೆ ರೋಗವೋ ಎಲೆಚುಕ್ಕೆಯೋ ಬಿದ್ದರೆ ಬೆಳೆ ಸಾಲವೂ ಸುಸ್ತಿಯಾಗುತ್ತದೆ. ಶೈಕ್ಷಣಿಕ ಸಾಲದ ಕಂತು ತೊಂಬತ್ತು ದಿನ ಮೀರಿದರೆ ಖಾತೆ ಅನುತ್ಪಾದಕವಾಗಿ, ಸಹ-ಸಾಲಗಾರನಾದ ತಂದೆಯ ಸಿಬಿಲ್ ಅಂಕವೂ, ಅಂದರೆ ಸಾಲ ಕೊಡುವ ಮುಂಚೆ ಬ್ಯಾಂಕುಗಳು ನೋಡುವ ಮರುಪಾವತಿಯ ಅಂಕವೂ, ಕೆಡುತ್ತದೆ. ಮುಂದೆ ಪಂಪ್‌ಸೆಟ್ಟಿಗೆ ಸಾಲ ಕೇಳಲು ಹೋದಾಗ ಶಾಖೆಯಲ್ಲಿ ತಿಳಿಯುವುದು ಅದು. ಆದುದರಿಂದ ವಿದ್ಯಾರ್ಥಿಗಳ ಸಾಲದ ಲೆಕ್ಕ ಎಂದರೆ ಬ್ಯಾಂಕಿನ ಶೈಕ್ಷಣಿಕ ಸಾಲದ ಲೆಕ್ಕ ಮಾತ್ರ ಎಂದು ಇಲಾಖೆ ಭಾವಿಸಬಾರದು. ಓದಿಗಾಗಿ ಮನೆ ಮಾಡಿದ ಸಾಲವೆಷ್ಟು ಎಂದು ನೇರವಾಗಿ ಕೇಳದೆ ಈ ಲೆಕ್ಕ ಸಿಗದು.

ಇನ್ನು ಸಂಪಾದನೆ. ಭೂವಿಜ್ಞಾನದಲ್ಲಿ ಒಳ್ಳೆಯ ಸಂಬಳವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. 1851ರಲ್ಲಿ ಸ್ಥಾಪನೆಯಾದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯಲ್ಲಿ ಭೂವಿಜ್ಞಾನಿಯಾಗಿ ಆಯ್ಕೆಯಾದವರಿಗೆ ಏಳನೆಯ ವೇತನ ಆಯೋಗದ ಪ್ರಕಾರ ಆರಂಭದ ಮೂಲವೇತನವೇ 56,100 ರೂಪಾಯಿ, ಅದರ ಮೇಲೆ ತುಟ್ಟಿಭತ್ಯೆ ಮತ್ತು ಇತರ ಭತ್ಯೆಗಳು. ಕೇಂದ್ರ ಅಂತರ್ಜಲ ಮಂಡಳಿಯ ವಿಜ್ಞಾನಿ ಹುದ್ದೆಯೂ ಅದೇ ಶ್ರೇಣಿಯದು. ಸಂಶೋಧನೆಗೆ ಹೋಗಿ ಜೆಆರ್‌ಎಫ್ ಎಂಬ ಶಿಷ್ಯವೇತನ ಪಡೆದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ಇದೆ. ಪ್ರವೇಶದ ಕಾಲದಲ್ಲಿ ಕಿವಿಗೆ ಬೀಳುವುದು ಇವೇ ಅಂಕಿಗಳು. ಆದರೆ ಇವೆಲ್ಲ ದೇಶದಾದ್ಯಂತ ಸ್ಪರ್ಧಿಸಿ ಕೆಲವರು ಮಾತ್ರ ತಲುಪುವ ಸ್ಥಾನಗಳು. ಉಳಿದವರು ಬೆಂಗಳೂರಿನಲ್ಲಿ ಉಪಗ್ರಹ ಚಿತ್ರ ನೋಡಿ ನಕಾಶೆ ಬಿಡಿಸುವ ಜಿಐಎಸ್ ಕಂಪನಿಗಳಲ್ಲಿ, ಜಲಾನಯನ ಯೋಜನೆಗಳ ಗುತ್ತಿಗೆ ಹುದ್ದೆಗಳಲ್ಲಿ, ಕಲ್ಲು ಕ್ವಾರಿಗಳ ಕಾಗದಪತ್ರ ಸಿದ್ಧಪಡಿಸುವ ಕಚೇರಿಗಳಲ್ಲಿ, ಸುರಂಗ ಮತ್ತು ಅಣೆಕಟ್ಟು ಗುತ್ತಿಗೆದಾರರ ಬಳಿ ಇರುತ್ತಾರೆ. ಕೆಲವರು ಅತಿಥಿ ಉಪನ್ಯಾಸಕರಾಗುತ್ತಾರೆ. 2022ರಲ್ಲಿ ಏರಿಕೆ ಆಗುವವರೆಗೂ ಸರ್ಕಾರಿ ಪದವಿ ಕಾಲೇಜಿನ ಅತಿಥಿ ಉಪನ್ಯಾಸಕರ ಗೌರವಧನ ತಿಂಗಳಿಗೆ 11,000ದಿಂದ 13,000 ರೂಪಾಯಿ ಇತ್ತು ಎಂಬುದನ್ನು ಇಲ್ಲಿ ನೆನಪಿಸಬೇಕಾಗಿದೆ. ಮೇಲೆ ಹೇಳಿದ 8,500 ರೂಪಾಯಿಯ ಕಂತನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ, ಆ ಕಾಲದಲ್ಲಿ ಹಾಗೆ ದುಡಿದವರ ಸಾಲ ಏಕೆ ಸುಸ್ತಿಯಾಯಿತೆಂದು ಬೇರೆ ವಿಚಾರಣೆ ನಡೆಸಬೇಕಾಗಿಲ್ಲ.

ಸರಾಸರಿಯ ಅಪಾಯವನ್ನು ಒಂದು ಕಲ್ಪಿತ ತರಗತಿಯಿಂದ ವಿವರಿಸಲು ಅನುಮತಿ ಬೇಡುತ್ತೇನೆ. ಹತ್ತು ಮಂದಿ ತೇರ್ಗಡೆಯಾದರು. ಒಬ್ಬರಿಗೆ ಕೇಂದ್ರ ಸರ್ಕಾರದ ಹುದ್ದೆ ಸಿಕ್ಕಿ ತಿಂಗಳಿಗೆ 1,00,000 ರೂಪಾಯಿ, ಆರು ಮಂದಿಗೆ ತಲಾ 20,000, ಮೂವರಿಗೆ ಕೆಲಸವಿಲ್ಲ ಎಂದಿಟ್ಟುಕೊಳ್ಳೋಣ. ಅತಿ ಹೆಚ್ಚಿನ ಸಂಬಳವನ್ನೇ ಹೇಳುವ ಸಂಸ್ಥೆ ಒಂದು ಲಕ್ಷ ಎನ್ನುತ್ತದೆ. ಕೆಲಸ ಸಿಕ್ಕವರ ಸರಾಸರಿ ಹೇಳುವ ಸಂಸ್ಥೆ 31,000ಕ್ಕೂ ಹೆಚ್ಚು ಎನ್ನುತ್ತದೆ. ಎಲ್ಲ ಹತ್ತು ಮಂದಿಯ ಸರಾಸರಿ 22,000. ಹತ್ತೂ ಮಂದಿಯನ್ನು ಸಂಬಳದ ಕ್ರಮದಲ್ಲಿ ನಿಲ್ಲಿಸಿದರೆ ನಡುವೆ ನಿಲ್ಲುವವರ ಸಂಬಳ, ಅಂದರೆ ಮಧ್ಯಾಂಕ, 20,000. ನಾಲ್ಕೂ ಸುಳ್ಳಲ್ಲ. ಆದರೆ ಸಾಲಕ್ಕೆ ಸಹಿ ಹಾಕುವ ತಂದೆಗೆ ಉಪಯೋಗಕ್ಕೆ ಬರುವುದು ಕೊನೆಯ ಅಂಕಿ, ಮತ್ತು ಅದರ ಜೊತೆಗೆ ಹತ್ತರಲ್ಲಿ ಮೂವರಿಗೆ ಕೆಲಸವಿಲ್ಲ ಎಂಬ ಮಾತು.

ಈ ಲೆಕ್ಕವನ್ನು ಹೊಸದಾಗಿ ಹುಟ್ಟಿಸಬೇಕಾಗಿಲ್ಲ ಎಂಬುದೇ ನನ್ನ ಕೋರಿಕೆಯ ಮುಖ್ಯ ಆಧಾರ. ಕೇಂದ್ರ ಶಿಕ್ಷಣ ಸಚಿವಾಲಯ ಕೊಡುವ ಎನ್‌ಐಆರ್‌ಎಫ್ ಶ್ರೇಯಾಂಕಕ್ಕೆ ಅರ್ಜಿ ಸಲ್ಲಿಸುವ ಪ್ರತಿ ಸಂಸ್ಥೆಯೂ ಎಷ್ಟು ಮಂದಿ ಸೇರಿದರು, ನಿಗದಿತ ಅವಧಿಯಲ್ಲಿ ಎಷ್ಟು ಮಂದಿ ಮುಗಿಸಿದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಅವರ ಸಂಬಳದ ಮಧ್ಯಾಂಕ ಎಷ್ಟು, ಎಷ್ಟು ಮಂದಿ ಮುಂದಿನ ಓದಿಗೆ ಹೋದರು ಎಂಬ ವಿವರವನ್ನು ಈಗಲೇ ಕೊಡುತ್ತದೆ, ತನ್ನ ಜಾಲತಾಣದಲ್ಲಿಯೂ ಹಾಕುತ್ತದೆ. ತೊಂದರೆ ಇಷ್ಟೆ: ಆ ವಿವರ ಕೋರ್ಸಿನ ಅವಧಿಯ ಪ್ರಕಾರ ಇರುತ್ತದೆಯೇ ಹೊರತು ವಿಷಯದ ಪ್ರಕಾರ ಇರುವುದಿಲ್ಲ. ಎರಡು ವರ್ಷದ ಸ್ನಾತಕೋತ್ತರ ಕೋರ್ಸು ಎಂಬ ಒಂದೇ ಸಾಲಿನಲ್ಲಿ ಎಂಬಿಎ, ಎಂ.ಕಾಂ., ಸಮಾಜಶಾಸ್ತ್ರ, ರಸಾಯನಶಾಸ್ತ್ರ, ಭೂವಿಜ್ಞಾನ ಎಲ್ಲವೂ ಬೆರೆತುಹೋಗುತ್ತವೆ. ಮೇಲಾಗಿ ಆ ಮಧ್ಯಾಂಕ ಕೆಲಸ ಸಿಕ್ಕವರದು ಮಾತ್ರ. ಪ್ರತಿ ವಿಭಾಗದಿಂದ ಬಂದ ಹಾಳೆಗಳನ್ನು ಕೂಡಿಸಿಯೇ ವಿಶ್ವವಿದ್ಯಾಲಯ ಆ ಒಂದು ಸಾಲನ್ನು ತುಂಬಿರುತ್ತದೆ. ಕೂಡಿಸುವ ಮುಂಚಿನ ಹಾಳೆಯನ್ನು ಪ್ರಕಟಿಸಿ ಎಂದು ಕೇಳುವುದು ಹೆಚ್ಚಿನದೇನೂ ಅಲ್ಲ.

ಇನ್ನೊಂದು ಆಕರ ತಮ್ಮ ಸರ್ಕಾರದ ಕೈಯಲ್ಲಿಯೇ ಇದೆ. ಯುವನಿಧಿ ಯೋಜನೆಯ ಹಣ ಪಾವತಿಗೆ 2024ರ ಜನವರಿ 12ರಂದು ಚಾಲನೆ ದೊರೆತದ್ದು ನಮ್ಮ ಶಿವಮೊಗ್ಗದಲ್ಲಿ. ಪದವಿ ಮುಗಿದು 180 ದಿನಗಳಾದರೂ ಕೆಲಸ ಸಿಗದವರಿಗೆ ಎರಡು ವರ್ಷದವರೆಗೆ ತಿಂಗಳಿಗೆ 3,000 ರೂಪಾಯಿ ಕೊಡುವ ಆ ಯೋಜನೆಯಲ್ಲಿ ಪ್ರತಿ ಅರ್ಜಿದಾರರ ಪದವಿಯ ದಾಖಲೆ ಪರಿಶೀಲನೆಯಾಗುತ್ತದೆ. ಅಂದಮೇಲೆ ಯಾವ ವಿಷಯ ಓದಿದ ಎಷ್ಟು ಮಂದಿ ಆರು ತಿಂಗಳ ನಂತರವೂ ಕೆಲಸವಿಲ್ಲದೆ ಇದ್ದಾರೆ ಎಂಬುದನ್ನು ಹೇಳಬಲ್ಲ ಪಟ್ಟಿ ಸರ್ಕಾರದ ಬಳಿ ಇದೆ ಎಂದಾಯಿತು. ಹಣ ಹಂಚಲು ಸಿದ್ಧಪಡಿಸಿದ ಪಟ್ಟಿಯನ್ನು ಹೆಸರುಗಳನ್ನು ತೆಗೆದುಹಾಕಿ ವಿಷಯವಾರು ಎಣಿಸಿದರೆ, ಖರ್ಚಿಲ್ಲದೆ ಒಂದು ಅಮೂಲ್ಯ ಅಂಕಿ ಸಿಗುತ್ತದೆ. ಸಾಲದ ಕಡೆಯ ವಿವರಕ್ಕೆ ರಾಜ್ಯ ಮಟ್ಟದ ಬ್ಯಾಂಕರುಗಳ ಸಮಿತಿ ಇದೆ. ಶೈಕ್ಷಣಿಕ ಸಾಲದ ಅರ್ಜಿಯಲ್ಲಿ ಕೋರ್ಸಿನ ಹೆಸರು, ಸಂಸ್ಥೆಯ ಹೆಸರು ಬರೆಯದೆ ಯಾವ ಸಾಲವೂ ಮಂಜೂರಾಗುವುದಿಲ್ಲವಾದ್ದರಿಂದ, ಮಂಜೂರಾದ ಮೊತ್ತ, ಬಾಕಿ, ಸುಸ್ತಿ ಈ ಮೂರನ್ನೂ ವಿಷಯವಾರು ಕೊಡುವುದು ಬ್ಯಾಂಕುಗಳಿಗೆ ಸಾಧ್ಯ.

ಬೇರೆ ದೇಶಗಳು ಇದನ್ನು ಮಾಡಿ ನೋಡಿವೆ. ಅಮೆರಿಕದ ಶಿಕ್ಷಣ ಇಲಾಖೆ 2015ರಿಂದ ಕಾಲೇಜ್ ಸ್ಕೋರ್‌ಕಾರ್ಡ್ ಎಂಬ ಸಾರ್ವಜನಿಕ ಪಟ್ಟಿಯನ್ನು ನಡೆಸುತ್ತಿದೆ. ಮೊದಲು ಕಾಲೇಜುವಾರು ಇದ್ದ ಅದು 2019ರಿಂದ ವಿಷಯವಾರೂ ಆಗಿದೆ. ಯಾವ ವಿಶ್ವವಿದ್ಯಾಲಯದ ಭೂವಿಜ್ಞಾನ ಪದವೀಧರರ ಸಂಪಾದನೆಯ ಮಧ್ಯಾಂಕ ಎಷ್ಟು, ಅವರ ಸಾಲದ ಮಧ್ಯಾಂಕ ಎಷ್ಟು ಎಂಬುದನ್ನು ಅಲ್ಲಿನ ಹದಿನೇಳು ವರ್ಷದ ಹುಡುಗಿ ಮನೆಯಲ್ಲಿ ಕುಳಿತು ನೋಡಬಹುದು. ಇಂಗ್ಲೆಂಡಿನಲ್ಲಿ ಶಿಕ್ಷಣದ ದಾಖಲೆಯನ್ನು ತೆರಿಗೆಯ ದಾಖಲೆಗೆ ಜೋಡಿಸಿ, ಪದವಿಯ ನಂತರದ ಒಂದು, ಮೂರು, ಐದು, ಹತ್ತು ವರ್ಷಗಳ ಸಂಪಾದನೆಯನ್ನು ವಿಷಯವಾರು ಪ್ರಕಟಿಸುತ್ತಾರೆ. ಎರಡರಲ್ಲಿಯೂ ಕೊರತೆಗಳಿವೆ, ಮತ್ತು ನಾವು ಕಲಿಯಬೇಕಾದದ್ದು ಆ ಕೊರತೆಗಳಿಂದಲೇ. ಅಮೆರಿಕದ ಪಟ್ಟಿ ಕೇಂದ್ರ ಸರ್ಕಾರದ ನೆರವು ಪಡೆದ ವಿದ್ಯಾರ್ಥಿಗಳನ್ನು ಮಾತ್ರ ಎಣಿಸುತ್ತದೆ. ವಿದ್ಯಾರ್ಥಿಗಳು ತೀರಾ ಕಡಿಮೆ ಇರುವ ವಿಭಾಗಗಳ ಅಂಕಿಯನ್ನು, ವ್ಯಕ್ತಿಗಳ ಗುರುತು ಸಿಕ್ಕೀತೆಂಬ ಕಾರಣಕ್ಕೆ, ಮರೆಮಾಡುತ್ತದೆ. ಭೂವಿಜ್ಞಾನದಂಥ ಸಣ್ಣ ವಿಭಾಗಗಳಿಗೆ ಇದರಿಂದಲೇ ಪೆಟ್ಟು.

ನಮ್ಮಲ್ಲಿಯೂ ಅದೇ ತೊಡಕು ಬರುತ್ತದೆ. ಒಂದು ವರ್ಷ ಒಂದು ವಿಭಾಗದಿಂದ ಹೊರಬರುವವರು ಬೆರಳೆಣಿಕೆಯ ಮಂದಿಯಾದರೆ, ಯಾರ ಸಂಬಳ ಎಷ್ಟೆಂದು ಊರಿಗೇ ತಿಳಿದುಹೋಗುತ್ತದೆ. ಇದಕ್ಕೆ ಪರಿಹಾರ ಅಂಕಿಯನ್ನು ಮುಚ್ಚಿಡುವುದಲ್ಲ, ಒಟ್ಟುಗೂಡಿಸುವುದು: ಐದು ವರ್ಷಗಳ ತರಗತಿಗಳನ್ನು ಒಂದಾಗಿಸಿ, ಶಂಕರಘಟ್ಟ, ಮೈಸೂರು, ಬೆಂಗಳೂರು, ಧಾರವಾಡ, ಕಲಬುರಗಿಯ ಭೂವಿಜ್ಞಾನ ವಿಭಾಗಗಳನ್ನೂ ಮಂಗಳೂರಿನ ಸಾಗರ ಭೂವಿಜ್ಞಾನವನ್ನೂ ಸೇರಿಸಿ ರಾಜ್ಯದ ಒಂದು ಅಂಕಿ ಕೊಡಿ, ಸಂಖ್ಯೆ ಸಾಕಷ್ಟಿದ್ದಲ್ಲಿ ಮಾತ್ರ ವಿಭಾಗವಾರು ಕೊಡಿ.

ಐದು ವರ್ಷ ಎಂದು ಒತ್ತಿ ಹೇಳುವುದಕ್ಕೆ ಈ ವಿಷಯದ ಸ್ವಭಾವವೂ ಕಾರಣ. ಭೂವಿಜ್ಞಾನಿಯ ಸಂಪಾದನೆ ಅವರ ಅಂಕಪಟ್ಟಿಗಿಂತ ಹೆಚ್ಚಾಗಿ ಅವರು ತೇರ್ಗಡೆಯಾದ ವರ್ಷವನ್ನು ಅವಲಂಬಿಸಿರುತ್ತದೆ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಸುಪ್ರೀಂ ಕೋರ್ಟಿನ ಆದೇಶದಂತೆ ಕುದುರೆಮುಖದ ಗಣಿಗಾರಿಕೆ 2005ರ ಕೊನೆಗೆ ನಿಂತಿತು; ಕಾಡಿನ ದೃಷ್ಟಿಯಿಂದ ಅದು ಸರಿಯಾದ ಆದೇಶವೆಂದೇ ನಾನು ನಂಬಿದ್ದೇನೆ, ಆದರೆ ಕೆಲಸಗಳು ಹೋದದ್ದೂ ನಿಜ. ಆಮೇಲೆ ಬಳ್ಳಾರಿಯ ಅದಿರಿನ ಅಬ್ಬರ ಬಂತು, ಭೂವಿಜ್ಞಾನ ಓದಿದವರನ್ನು ಹುಡುಕಿಕೊಂಡು ಬರುವ ಕಾಲ ಬಂತು. 2011ರಲ್ಲಿ ಲೋಕಾಯುಕ್ತ ವರದಿಯ ನಂತರ ಸುಪ್ರೀಂ ಕೋರ್ಟು ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಅದೇ ಹುಡುಗರು ಊರಿಗೆ ಮರಳಿದರು. 2014ರ ನಂತರ ಕಚ್ಚಾತೈಲದ ಬೆಲೆ ಬಿದ್ದಾಗ ಜಗತ್ತಿನಾದ್ಯಂತ ತೈಲ ಕಂಪನಿಗಳು ಭೂವಿಜ್ಞಾನಿಗಳನ್ನು ಕಡಿತಗೊಳಿಸಿದವು. ಈಗ ಲಿಥಿಯಂ ಮುಂತಾದ ನಿರ್ಣಾಯಕ ಖನಿಜಗಳ ಕಾಲ. ಕೇಂದ್ರ ಸಂಪುಟ 2025ರ ಜನವರಿಯಲ್ಲಿ ರಾಷ್ಟ್ರೀಯ ನಿರ್ಣಾಯಕ ಖನಿಜ ಅಭಿಯಾನಕ್ಕೆ ಒಪ್ಪಿಗೆ ಕೊಟ್ಟಿದೆ, ಮಂಡ್ಯದ ಮರಳಗಾಲದ ಹೆಸರು ಪತ್ರಿಕೆಗಳಲ್ಲಿ ಬಂದಿದೆ. ಇಂಥ ವರ್ಷವೊಂದರ ಅಂಕಿಯನ್ನು ಮಾತ್ರ ತೋರಿಸಿ ಸೀಟು ತುಂಬಿಸಿದರೆ, ಆ ಮಕ್ಕಳು ಹೊರಬರುವ ಹೊತ್ತಿಗೆ ಗಾಳಿ ಯಾವ ಕಡೆ ಬೀಸುತ್ತಿರುತ್ತದೋ ಹೇಳಲಾಗದು. ಸಾಲದ ಕಂತಿಗೆ ಮಾತ್ರ ಅಂಥ ಏರಿಳಿತವಿಲ್ಲ.

ಆರಂಭದ ಸಂಬಳವೊಂದನ್ನೇ ತೋರಿಸುವುದೂ ಈ ವಿಷಯಕ್ಕೆ ನ್ಯಾಯವಲ್ಲ. ಗಣಿ ಯೋಜನೆ ಸಿದ್ಧಪಡಿಸುವ ಅರ್ಹತೆ ಭೂವಿಜ್ಞಾನದ ಸ್ನಾತಕೋತ್ತರ ಪದವೀಧರರಿಗೆ ಬರುವುದು ಐದು ವರ್ಷದ ಅನುಭವದ ನಂತರ. ದೊಡ್ಡ ಗಣಿಗಳಲ್ಲಿ ಪೂರ್ಣಾವಧಿಯ ಭೂವಿಜ್ಞಾನಿ ಇರಬೇಕೆಂದು 2017ರ ಖನಿಜ ಸಂರಕ್ಷಣೆ ಮತ್ತು ಅಭಿವೃದ್ಧಿ ನಿಯಮಗಳು ಹೇಳುತ್ತವೆ, ಆದರೆ ಅಲ್ಲಿಯೂ ಕೇಳುವುದು ಅನುಭವವನ್ನೇ. ಅಂದರೆ ಮೊದಲ ವರ್ಷಗಳಲ್ಲಿ ಕಡಿಮೆ, ನಿಂತವರಿಗೆ ಆಮೇಲೆ ಪರವಾಗಿಲ್ಲ ಎಂಬಂಥ ದಾರಿ ಇದು; ಬ್ಯಾಂಕಿನ ಕಂತು ಶುರುವಾಗುವುದು ಸರಿಯಾಗಿ ಆ ಕಡಿಮೆಯ ವರ್ಷಗಳಲ್ಲಿ. ಆದುದರಿಂದ ಒಂದು, ಮೂರು, ಐದು ವರ್ಷಗಳ ಅಂಕಿಗಳನ್ನು ಒಟ್ಟಿಗೆ ತೋರಿಸಬೇಕು. ಆಗ ಮಾತ್ರ ಹದಿನೈದು ವರ್ಷದ ಕಂತು ಆರಿಸಿಕೊಳ್ಳಬೇಕೋ ಏಳು ವರ್ಷದ್ದೋ, ಸಾಲವೇ ಬೇಡವೋ ಎಂದು ಮನೆಯವರು ತೀರ್ಮಾನಿಸಬಹುದು.

ಹುಡುಗಿಯರ ಅಂಕಿಯನ್ನು ಪ್ರತ್ಯೇಕವಾಗಿ ಕೊಡಬೇಕೆಂದೂ ಕೋರುತ್ತೇನೆ. 1952ರ ಗಣಿ ಕಾಯ್ದೆ ಹೆಂಗಸರು ನೆಲದಡಿಯ ಗಣಿಯಲ್ಲಿ ದುಡಿಯುವುದನ್ನು ನಿಷೇಧಿಸಿತ್ತು. 2019ರಲ್ಲಿ ಕೇಂದ್ರ ಸರ್ಕಾರ ತಾಂತ್ರಿಕ, ಮೇಲ್ವಿಚಾರಣೆ ಮತ್ತು ಆಡಳಿತದ ಹುದ್ದೆಗಳಿಗೆ ಹಗಲಿನ ವೇಳೆ ಷರತ್ತಿನೊಂದಿಗೆ ಅವಕಾಶ ಕೊಟ್ಟಿತು. ಕಾಗದದ ಮೇಲೆ ಬಾಗಿಲು ತೆರೆದಿದೆ. ಎಷ್ಟು ಮಂದಿ ಒಳಗೆ ಹೋದರು, ಒಂದೇ ತರಗತಿಯಲ್ಲಿ ಒಂದೇ ಶುಲ್ಕ ಕೊಟ್ಟು ಓದಿದ ಹುಡುಗನಿಗೂ ಹುಡುಗಿಗೂ ಐದನೆಯ ವರ್ಷದಲ್ಲಿ ಸಂಬಳ ಒಂದೇ ಇದೆಯೇ ಎಂಬುದು ತಿಳಿಯಬೇಕು. ಸಾಲದ ಬಡ್ಡಿಯಂತೂ ಇಬ್ಬರಿಗೂ ಹೆಚ್ಚುಕಡಿಮೆ ಒಂದೇ.

ಈ ಪ್ರಸ್ತಾವಕ್ಕೆ ಅಧ್ಯಾಪಕ ಮಿತ್ರರಿಂದ ಒಂದು ಆಕ್ಷೇಪ ಬಂದಿದೆ, ಅದನ್ನು ಹಗುರವಾಗಿ ತಳ್ಳಿಹಾಕಲಾರೆ. ಅಂಕಿ ಹೊರಗೆ ಬಂದರೆ ಇದ್ದ ನಾಲ್ಕು ವಿದ್ಯಾರ್ಥಿಗಳೂ ಬೇರೆ ಕಡೆ ಹೋಗುತ್ತಾರೆ, ಸೀಟು ಖಾಲಿ ಬಿದ್ದರೆ ಸರ್ಕಾರ ವಿಭಾಗವನ್ನೇ ಮುಚ್ಚುತ್ತದೆ ಎಂಬುದು ಅವರ ಭಯ. ಭಯಕ್ಕೆ ಆಧಾರವಿದೆ. ಇಂಗ್ಲೆಂಡಿನಲ್ಲಿ ಇಂಥ ಅಂಕಿಗಳು ಬಂದ ಮೇಲೆ, ಫಲ ಕೊಡದ ಪದವಿಗಳಿಗೆ ವಿದ್ಯಾರ್ಥಿಗಳ ಸಂಖ್ಯೆಯನ್ನೇ ಮಿತಿಗೊಳಿಸುವುದಾಗಿ ಅಲ್ಲಿನ ಸರ್ಕಾರ 2023ರ ಜುಲೈನಲ್ಲಿ ಘೋಷಿಸಿತು. ಆದುದರಿಂದ ಈ ಲೆಕ್ಕವನ್ನು ವಿಭಾಗ ಮುಚ್ಚುವುದಕ್ಕೆ, ಹುದ್ದೆ ಕಡಿತಕ್ಕೆ, ಅನುದಾನ ಕಡಿತಕ್ಕೆ ಬಳಸತಕ್ಕದ್ದಲ್ಲ ಎಂಬ ಮಾತು ಆದೇಶದಲ್ಲಿಯೇ ಇರಬೇಕು. ಹಾಗೆಂದು ಅಂಕಿಯನ್ನು ಮುಚ್ಚಿಟ್ಟು ಸೀಟು ತುಂಬಿಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ವಿಭಾಗ ಉಳಿಯಬೇಕಾದದ್ದು ಸಾರ್ವಜನಿಕ ಹಿತಕ್ಕಾದರೆ ಅದರ ಖರ್ಚನ್ನು ಸಾರ್ವಜನಿಕ ಖಜಾನೆ ಹೊರಬೇಕು. ಹೊಸನಗರದ ಒಬ್ಬ ಕೂಲಿಕಾರನ ಮಗಳು ಸಾಲ ಮಾಡಿ ಹೊರಬೇಕಾಗಿಲ್ಲ.

ಸಂಬಳ ಕಡಿಮೆ ಇರುವುದಕ್ಕೆ ಸರ್ಕಾರವೂ ಒಂದು ಕಾರಣ, ಏಕೆಂದರೆ ಈ ವಿಷಯದಲ್ಲಿ ದೊಡ್ಡ ಕೆಲಸದಾತ ಸರ್ಕಾರವೇ. ಮಳೆಗಾಲದಲ್ಲಿ ಗುಡ್ಡ ಕುಸಿದಾಗ ಭೂವಿಜ್ಞಾನಿ ಬೇಕಾಗುತ್ತಾರೆ. 2018ರಲ್ಲಿ ಕೊಡಗು, 2024ರ ಜುಲೈನಲ್ಲಿ ಅಂಕೋಲಾದ ಶಿರೂರು ಇದನ್ನು ತೋರಿಸಿವೆ. ಭದ್ರಾ ಮೇಲ್ದಂಡೆಯ ಸುರಂಗಕ್ಕೂ ಅವರು ಬೇಕು. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಬಳಿಯ ಹುಣಸೋಡಿನಲ್ಲಿ ಸ್ಫೋಟಕಗಳು ಸಿಡಿದು ಜಿಲ್ಲೆಯೇ ನಡುಗಿದ ಮೇಲೆ ಕಲ್ಲು ಕ್ವಾರಿಗಳ ತಪಾಸಣೆಯ ಮಾತು ಎಷ್ಟು ನಡೆಯಿತೆಂದು ನಮಗೆಲ್ಲ ನೆನಪಿದೆ. ಬೇಸಿಗೆಯಲ್ಲಿ ಶಿಕಾರಿಪುರದ ಬಯಲಿನಿಂದ ತೀರ್ಥಹಳ್ಳಿಯ ತೋಟದವರೆಗೆ ಕೊಳವೆಬಾವಿ ಕೊರೆಸುವವರಿಗೆ ನೀರಿನ ಜಾಗ ತೋರಿಸುವವರು ಬೇಕು. (ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಜಾಗ ತೋರಿಸುವವರಿಗೆ ನಮ್ಮಲ್ಲಿ ಕೆಲಸದ ಕೊರತೆ ಎಂದೂ ಆಗಿಲ್ಲ, ಉಪಕರಣ ಹಿಡಿದ ಎಂ.ಎಸ್ಸಿ.ಯವರಿಗೆ ಆಗಿದೆ.) ಇಷ್ಟೆಲ್ಲ ಅಗತ್ಯವಿದ್ದೂ ಕೆಲಸ ಗುತ್ತಿಗೆಯಲ್ಲಿ, ಯೋಜನೆ ಮುಗಿಯುವವರೆಗೆ ಮಾತ್ರ ಸಿಗುವುದಾದರೆ, ಆ ಸಂಗತಿ ಸಂಬಳದ ಅಂಕಿಯಲ್ಲಿ ಕಾಣಿಸಿಕೊಂಡೇ ತೀರುತ್ತದೆ. ತಮ್ಮ ಸಹೋದ್ಯೋಗಿ ಸಚಿವರುಗಳ ಇಲಾಖೆಗಳಿಗೆ ಆ ಅಂಕಿ ಮುಜುಗರ ತಂದರೆ ತರಲಿ.

ಕೊನೆಯದಾಗಿ ಆಗಬೇಕಾದ ಕೆಲಸವನ್ನು ಹೇಳುತ್ತೇನೆ. ಪ್ರವೇಶದ ಅರ್ಜಿ, ಶುಲ್ಕ, ಫಲಿತಾಂಶಗಳಿಗೆಂದು ರಾಜ್ಯದ ವಿಶ್ವವಿದ್ಯಾಲಯಗಳಿಗಾಗಿ ರೂಪಿಸಿದ ಯುಯುಸಿಎಂಎಸ್ ಎಂಬ ಏಕೀಕೃತ ತಂತ್ರಾಂಶವಿದೆ. ಪದವಿ ಪ್ರಮಾಣಪತ್ರ ಪಡೆಯುವಾಗಲೂ, ನಂತರ ಮೂರನೆಯ ಮತ್ತು ಐದನೆಯ ವರ್ಷಗಳಲ್ಲಿ ಮೊಬೈಲಿಗೆ ಬರುವ ಒಂದು ಪುಟದ ನಮೂನೆಯ ಮೂಲಕವೂ, ಉದ್ಯೋಗ ಯಾವುದು, ಓದಿದ ವಿಷಯಕ್ಕೆ ಸಂಬಂಧಿಸಿದ್ದೇ, ಕಾಯಂ ಅಥವಾ ಗುತ್ತಿಗೆಯೇ, ತಿಂಗಳಿಗೆ ಕೈಗೆ ಬರುವುದೆಷ್ಟು, ಓದಿಗಾಗಿ ಬ್ಯಾಂಕಿನಲ್ಲಿ ಮಾಡಿದ ಸಾಲವೆಷ್ಟು, ಮನೆಯವರು ಬೇರೆಡೆ ಮಾಡಿದ ಸಾಲವೆಷ್ಟು, ಬಾಕಿ ಎಷ್ಟು ಎಂಬುದನ್ನು ಕೇಳಬಹುದು. ಉತ್ತರಿಸದವರೆಷ್ಟು ಎಂಬುದನ್ನೂ ಮುಚ್ಚಿಡದೆ ಹೇಳಬೇಕು, ಏಕೆಂದರೆ ಕೆಲಸ ಸಿಗದವರೇ ಇಂಥ ನಮೂನೆಗೆ ಉತ್ತರಿಸಲು ಹಿಂಜರಿಯುತ್ತಾರೆ. ಬ್ಯಾಂಕರುಗಳ ಸಮಿತಿಯಿಂದ ಬಂದ ವಿವರವನ್ನು ಇದರ ಪಕ್ಕದಲ್ಲಿಟ್ಟು, ವಿಷಯವಾರು ಒಂದು ಪುಟ ಸಿದ್ಧಪಡಿಸಿ, ವಿದ್ಯಾರ್ಥಿ ಕೋರ್ಸು ಆಯ್ಕೆ ಮಾಡುವ ಪುಟದಲ್ಲಿಯೇ ಕನ್ನಡದಲ್ಲಿ ತೋರಿಸಬೇಕು. ಸಾಲ ಕೇಳಿ ಬಂದ ಮನೆಯವರಿಗೆ ಆ ಪುಟದ ಪ್ರತಿ ಕೊಟ್ಟು, ಕಂತಿನ ಲೆಕ್ಕವನ್ನು ಅದರ ಪಕ್ಕದಲ್ಲಿ ಬರೆದು ತೋರಿಸುವಂತೆ ಬ್ಯಾಂಕುಗಳಿಗೆ ಸೂಚಿಸಲು ಅದೇ ಸಮಿತಿಯಲ್ಲಿ ಪ್ರಸ್ತಾಪಿಸಬಹುದು.

ಅಂಕಿ ಬಂದ ಮೇಲೆ ಇನ್ನೊಂದು ವಿಚಾರ ತಾನಾಗಿ ಮುಂದೆ ಬರುತ್ತದೆ. ಆಸ್ಟ್ರೇಲಿಯಾದಲ್ಲಿ 1989ರಿಂದ ವಿದ್ಯಾರ್ಥಿ ಸಾಲದ ಮರುಪಾವತಿ ಸಂಪಾದನೆಗೆ ಹೊಂದಿಕೊಂಡಿದೆ. ನಿಗದಿತ ಆದಾಯ ಮುಟ್ಟುವವರೆಗೆ ಕಡ್ಡಾಯವಾಗಿ ಕಟ್ಟಬೇಕಾಗಿಲ್ಲ. ನಮ್ಮಲ್ಲಿ ಬ್ಯಾಂಕಿನ ನಿಯಮ ಬದಲಿಸುವುದು ರಾಜ್ಯದ ಕೈಯಲ್ಲಿಲ್ಲ. ಆದರೆ ಸಂಬಳ ಇಂತಿಷ್ಟಕ್ಕಿಂತ ಕಡಿಮೆ ಇರುವವರೆಗೆ ಬಡ್ಡಿಯ ಒಂದು ಭಾಗವನ್ನು ರಾಜ್ಯ ಹೊರುವುದು ಕೈಯಲ್ಲಿದೆ. ಬೆಳೆ ಸಾಲದ ಬಡ್ಡಿಯನ್ನು ಹೊರುವ ಸರ್ಕಾರಕ್ಕೆ ಇದು ಹೊಸ ವಿದ್ಯೆಯಲ್ಲ. ಆ 'ಇಂತಿಷ್ಟು' ಎಷ್ಟೆಂದು ನಿರ್ಧರಿಸಲಿಕ್ಕೂ ಮೊದಲು ಬೇಕಾಗುವುದು ನಾನು ಕೇಳುತ್ತಿರುವ ಲೆಕ್ಕವೇ.

ಎಲ್ಲ ವಿಷಯಗಳಿಗೂ ಒಮ್ಮೆಲೇ ಮಾಡುವುದು ಕಷ್ಟವೆಂದು ಇಲಾಖೆ ಹೇಳುವುದಾದರೆ, ರಾಜ್ಯದಲ್ಲಿ ಬೆರಳೆಣಿಕೆಯ ವಿಭಾಗಗಳಿರುವ ಭೂವಿಜ್ಞಾನದಲ್ಲಿ ಒಂದು ಪ್ರವೇಶ ಋತುವಿಗೆ ಮಾಡಿ ನೋಡಲು ಅಡ್ಡಿಯಿಲ್ಲ. ಕಳೆದ ಐದು ವರ್ಷಗಳ ವಿದ್ಯಾರ್ಥಿಗಳ ಪಟ್ಟಿ ವಿಭಾಗಗಳಲ್ಲಿದೆ, ಫೋನ್ ಸಂಖ್ಯೆಗಳೂ ಇವೆ. ಇದಕ್ಕೆ ಬೇಕಾದ ಸುತ್ತೋಲೆಯನ್ನು ಬರುವ ಪ್ರವೇಶ ಪ್ರಕಟಣೆಗೆ ಮುಂಚಿತವಾಗಿ ಹೊರಡಿಸಬೇಕೆಂದು ಕೋರುತ್ತೇನೆ. ಸಾಲದ ನಮೂನೆಯನ್ನು ಸಿದ್ಧಪಡಿಸುವುದಕ್ಕೆ ಈ ಜಿಲ್ಲೆಯ ನಿವೃತ್ತ ಬ್ಯಾಂಕ್ ನೌಕರರ ನೆರವು ಬೇಕೆಂದರೆ ನಾವು ಕೆಲವರು ಸಂಭಾವನೆಯಿಲ್ಲದೆ ಮಾಡಿಕೊಡಲು ಸಿದ್ಧರಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ಭೂವಿಜ್ಞಾನ ಓದಿದ ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ,
ಶಿವಮೊಗ್ಗ

ಪ್ರತಿ: ಕರ್ನಾಟಕ ರಾಜ್ಯ ಉನ್ನತ ಶಿಕ್ಷಣ ಪರಿಷತ್ತು, ರಾಜ್ಯದ ವಿಶ್ವವಿದ್ಯಾಲಯಗಳ ಕುಲಪತಿಗಳು, ರಾಜ್ಯ ಮಟ್ಟದ ಬ್ಯಾಂಕರುಗಳ ಸಮಿತಿ.